ಬಸವನಹುಳುವಿನ ಕೋಶಗಳನ್ನು ಕೊಂದಿದ್ದು ಜೀನ್ ಅಲ್ಲ, ನನ್ನ ಉಪ್ಪುನೀರು

ಸುಲಭದ ಕೆಲಸ ಅಂದುಕೊಂಡಿದ್ದೆ. ಸಿಹಿನೀರಿನ ಬಸವನಹುಳುವಿನ ಒಂದು ಜೀನ್‌ನ ಬಾಯಿ ಮುಚ್ಚಿಸುವುದು. ಆಮೇಲೆ ಅದರ ರಕ್ತಕೋಶಗಳಲ್ಲಿ ಎಷ್ಟು ಸಾಯುತ್ತಿವೆ, ಎಷ್ಟು ಹೊಸದಾಗಿ ಹುಟ್ಟುತ್ತಿವೆ ಎಂದು ಎಣಿಸುವುದು. ಮೂರು ವಾರ ಸಾಕು ಎಂದು ಬರೆದುಕೊಂಡಿದ್ದೆ. ನಾಲ್ಕು ತಿಂಗಳಾಯಿತು, ಇನ್ನೂ ಮುಗಿದಿಲ್ಲ. ಜೀನ್‌ನಿಂದ ತಲೆನೋವು ಬಂದಿದ್ದು ಒಂದೇ ಸಲ. ಮಿಕ್ಕಿದ್ದೆಲ್ಲ ನೀರು, ಉಪ್ಪು, ಹಿತ್ತಾಳೆ ಮತ್ತು ನನ್ನ ಆತುರದ್ದು.

ನೋಟ್‌ಬುಕ್‌ನಲ್ಲಿ ಇದ್ದಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ. ಇದೇ ದಾರಿಯಲ್ಲಿ ಬರುವವರಿಗೆ ನಾನು ಬಿದ್ದ ಗುಂಡಿಗಳಾದರೂ ಕಾಣಲಿ.

ಯಾವ ಹುಳು, ಯಾವ ಜೀನ್

ಹುಳುವಿನ ಹೆಸರು ಬಯೋಂಫಲೇರಿಯಾ ಗ್ಲಾಬ್ರಾಟಾ. ಟಗರಿನ ಕೊಂಬಿನ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪು. ಇದರ ರಕ್ತ ಕೆಂಪು. ಹೀಮೋಗ್ಲೋಬಿನ್ ಇದೆ, ಆದರೆ ನಮ್ಮ ಹಾಗೆ ಕೋಶದೊಳಗೆ ಅಲ್ಲ, ದ್ರವದಲ್ಲೇ ಕರಗಿಕೊಂಡಿದೆ. ಇನ್ನೊಂದು ಕೊಳದ ಹುಳು ಲಿಮ್ನಿಯಾದ ರಕ್ತ ತಿಳಿ ನೀಲಿ, ಯಾಕೆಂದರೆ ಅದರಲ್ಲಿರುವುದು ತಾಮ್ರದ ಹೀಮೋಸಯನಿನ್.

ಬಯೋಂಫಲೇರಿಯಾ ಮೇಲೆ ಇಷ್ಟೊಂದು ಕೆಲಸ ನಡೆದಿರುವುದಕ್ಕೆ ಕಾರಣ ಅದರ ಅಂದವಲ್ಲ. ಶಿಸ್ಟೊಸೋಮಾ ಮ್ಯಾನ್ಸೋನಿ ಎಂಬ ಪರಾವಲಂಬಿ ಮನುಷ್ಯರಿಗೆ ಅಂಟುವ ಮೊದಲು ಈ ಹುಳುವಿನೊಳಗೆ ಬೆಳೆಯುತ್ತದೆ. ಅದಕ್ಕೇ ಇದರ ಭ್ರೂಣದಿಂದ 1976ರಲ್ಲೇ ಬಿಜಿಇ ಎಂಬ ಕೋಶಸಾಲು (ಲ್ಯಾಬ್‌ನಲ್ಲಿ ಬೆಳೆಸುತ್ತಲೇ ಇರಬಹುದಾದ ಕೋಶಗಳು) ತಯಾರಾಯಿತು, 2017ರಲ್ಲಿ ಪೂರ್ತಿ ಜೀನೋಮ್ ಪ್ರಕಟವಾಯಿತು. ನಾನು ಬಳಸಿದ್ದು ಲ್ಯಾಬ್‌ನಲ್ಲೇ ಹುಟ್ಟಿ ಬೆಳೆದ, ಸೋಂಕಿಲ್ಲದ ಹುಳುಗಳನ್ನು. ಕೆರೆಯಿಂದ ಹಿಡಿದು ತಂದ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದು ಕೂತ ನೀರಿಗೂ ಕೈ ಹಾಕಬೇಡಿ. ಲ್ಯಾಬ್‌ನ ಹುಳು, ಅದರ ಮೊಟ್ಟೆ ಯಾವುದೂ ಹೊರಗಿನ ನೀರಿಗೆ ಹೋಗಬಾರದು. ನಮ್ಮಲ್ಲಿ ಎಲ್ಲವೂ ಆಟೋಕ್ಲೇವ್ ಎಂಬ ಪಾತ್ರೆಯ ಬಿಸಿ ಹಬೆಯಲ್ಲಿ ಬೆಂದೇ ಹೊರಗೆ ಹೋಗುತ್ತದೆ.

ಜೀನ್‌ನ ಹೆಸರು ಎಂಐಎಫ್. ಪೂರ್ತಿ ಹೆಸರು ಮ್ಯಾಕ್ರೊಫೇಜ್ ಮೈಗ್ರೇಶನ್ ಇನ್ಹಿಬಿಟರಿ ಫ್ಯಾಕ್ಟರ್. 1966ರಲ್ಲಿ ಇದನ್ನು ಮೊದಲು ಗುರುತಿಸಿದಾಗ ಕಂಡಿದ್ದು ಒಂದೇ ಗುಣ: ಕ್ರಿಮಿ ನುಂಗುವ ಕಾವಲು ಕೋಶಗಳಾದ ಮ್ಯಾಕ್ರೊಫೇಜ್‌ಗಳು ಓಡಾಡದಂತೆ ಇದು ತಡೆಯುತ್ತದೆ. ಹೆಸರು ಹಾಗೇ ಉಳಿಯಿತು, ಗುಣಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಪುಟ್ಟ ಪ್ರೋಟೀನ್. ಮನುಷ್ಯರದ್ದು 115 ಅಮೈನೋ ಆಮ್ಲಗಳಷ್ಟೇ, ಹುಳುವಿನದೂ ಹೆಚ್ಚುಕಡಿಮೆ ಅಷ್ಟೇ. ಮೂರು ಮೂರು ಸೇರಿ ಕೆಲಸ ಮಾಡುತ್ತವೆ.

ಇದು ಎರಡು ಕಡೆ ಕೈ ಹಾಕುತ್ತದೆ. ಒಂದು ಕಡೆ ಇಆರ್‌ಕೆ ಎಂಬ ಸಂಕೇತದ ಸಾಲನ್ನು ಚಾಲೂ ಮಾಡಿ ಕೋಶ ಒಡೆದು ಎರಡಾಗುವಂತೆ ಹುರಿದುಂಬಿಸುತ್ತದೆ. ಇನ್ನೊಂದು ಕಡೆ ಪಿ53 ಎಂಬ ಕಾವಲುಗಾರನನ್ನು ಹಿಡಿದು ನಿಲ್ಲಿಸುತ್ತದೆ. ಕೋಶಕ್ಕೆ ಪೆಟ್ಟು ಬಿದ್ದಾಗ 'ಇನ್ನು ಸಾಕು, ಸಾಯಿ' ಎನ್ನುವವನು ಈ ಪಿ53. ಬಯೋಂಫಲೇರಿಯಾದಲ್ಲೂ ಎಂಐಎಫ್ ಇದೇ ಎರಡು ಕೆಲಸ ಮಾಡುತ್ತದೆ ಎಂದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು. ಪ್ರೋಟೀನ್ ಕೊಟ್ಟರೆ ಬಿಜಿಇ ಕೋಶಗಳು ಹೆಚ್ಚುತ್ತವೆ, ನೈಟ್ರಿಕ್ ಆಕ್ಸೈಡ್ ಹೊಡೆತಕ್ಕೆ ಸಾಯುವುದು ತಗ್ಗುತ್ತದೆ. ಹುಳುವಿನೊಳಗೇ ಜೀನನ್ನು ತಗ್ಗಿಸಿದರೆ ಪರಾವಲಂಬಿಗಳಿಗೆ ಹಬ್ಬ.

ನನ್ನ ಆಸೆ ಅಷ್ಟು ದೊಡ್ಡದಲ್ಲ. ಪರಾವಲಂಬಿಯೇ ಇಲ್ಲದ ಆರೋಗ್ಯವಂತ ಹುಳುವಿನಲ್ಲಿ ಈ ಜೀನ್ ತಗ್ಗಿದರೆ ರಕ್ತಕೋಶಗಳ ಹುಟ್ಟುಸಾವಿನ ಲೆಕ್ಕ ಏನಾಗುತ್ತದೆ ಎಂದು ನೋಡಬೇಕಿತ್ತು, ಅಷ್ಟೇ.

ತೊಟ್ಟಿ: ಹಿತ್ತಾಳೆಯ ಪಾಠ

ತೊಟ್ಟಿ ಕಟ್ಟುವುದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಕ್ಲೋರಿನ್ ಹೋಗುವ ಹಾಗೆ ಗಾಳಿ ಬಿಟ್ಟು ಇಟ್ಟ ನೀರು, 26 ಡಿಗ್ರಿ ಸೆಲ್ಸಿಯಸ್ ಬಿಸಿ, ತಿನ್ನಲು ಲೆಟ್ಯೂಸ್ ಎಲೆ, ಚಿಪ್ಪಿಗೆ ಸುಣ್ಣದ ಅಂಶ. ಒಂದೇ ಹುಳು ಇದ್ದರೂ ಸಂತಾನ ಮುಂದುವರಿಯುತ್ತದೆ, ಗಂಡು ಹೆಣ್ಣು ಎರಡೂ ಅದೇ. ಗಾಜಿನ ಮೇಲೆ ಲೋಳೆಯ ತೇಪೆಯ ಹಾಗೆ ಮೊಟ್ಟೆ ಇಡುತ್ತದೆ. ಸುಮಾರು ವಾರದಲ್ಲಿ ಮರಿ.

ಎರಡನೇ ತೊಟ್ಟಿಯ ಹುಳುಗಳು ಮೂರನೇ ದಿನಕ್ಕೇ ಚಿಪ್ಪಿನೊಳಗೆ ಸೇರಿಕೊಂಡವು. ಐದನೇ ದಿನಕ್ಕೆ ಅರ್ಧ ಸತ್ತಿದ್ದವು. ಅದೇ ನೀರು, ಅದೇ ಎಲೆ. ಮೊದಲ ತೊಟ್ಟಿಯಲ್ಲಿ ಒಂದೂ ಸತ್ತಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿದ್ದಿದ್ದು ಗಾಳಿ ಪಂಪ್‌ನ ಕೊಳವೆ. ಮೊದಲ ತೊಟ್ಟಿಯದ್ದಕ್ಕೆ ಪ್ಲಾಸ್ಟಿಕ್ ವಾಲ್ವ್. ಎರಡನೆಯದಕ್ಕೆ ಡ್ರಾಯರ್‌ನಲ್ಲಿ ಸಿಕ್ಕಿದ್ದ ಹಿತ್ತಾಳೆ ವಾಲ್ವ್ ಹಾಕಿದ್ದೆ, ಅದೂ ನೀರಿನೊಳಗೆ ಮುಳುಗುವ ಹಾಗೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಬಸವನಹುಳು ಕೊಲ್ಲಲು ಮೊದಲೆಲ್ಲ ನೀರಿಗೆ ಹಾಕುತ್ತಿದ್ದುದೇ ತಾಮ್ರದ ಸಲ್ಫೇಟ್! ವಾಲ್ವ್ ಕಿತ್ತೆಸೆದೆ, ತೊಟ್ಟಿ ತೊಳೆದೆ, ಮೊಟ್ಟೆಯಿಂದ ಮತ್ತೆ ಶುರು. ಚಿಪ್ಪು 8ರಿಂದ 10 ಮಿಲಿಮೀಟರ್ ಆಗುವ ತನಕ ಕಾಯಬೇಕು. ಒಂದು ತಿಂಗಳು ಅಲ್ಲೇ ಹೋಯಿತು.

ರಕ್ತ ತೆಗೆಯುವುದು

ಸೂಜಿ ಬೇಕಾಗಿಲ್ಲ. ಹುಳುವನ್ನು ಒರೆಸಿ ಒಣಗಿಸಿ, ಪಿಪೆಟ್‌ನ ತುದಿಯಿಂದ ಅದರ ಪಾದವನ್ನು ಮೆಲ್ಲಗೆ ಚುಚ್ಚುತ್ತಾ ಇದ್ದರೆ ಅದು ಗಾಬರಿಯಿಂದ ಪೂರ್ತಿ ಒಳಗೆ ಸೇರಿಕೊಳ್ಳುತ್ತದೆ. ಹಾಗೆ ಸೇರಿಕೊಳ್ಳುವಾಗ ಚಿಪ್ಪಿನ ಬಾಯಿಯಲ್ಲಿ ಕೆಂಪು ಹನಿ ಬರುತ್ತದೆ. ಅದನ್ನು ಎಳೆದುಕೊಂಡರೆ ಆಯಿತು. ಒಂದು ಹುಳುವಿನಿಂದ ಹತ್ತಾರು ಮೈಕ್ರೋಲೀಟರ್ ಅಷ್ಟೇ. ಜೊತೆಗೆ ಲೋಳೆ ಬಂದರೆ ಆ ಮಾದರಿ ಬಿಟ್ಟುಬಿಡಿ, ಲೋಳೆಯಲ್ಲಿ ಕೋಶಗಳು ಅಂಟಿ ಮುದ್ದೆಯಾಗುತ್ತವೆ.

ಹುಳುವಿನ ರಕ್ತಕೋಶಗಳನ್ನು ಹೀಮೋಸೈಟ್ ಎನ್ನುತ್ತಾರೆ. ಗಾಜಿನ ಮೇಲೆ ಬಿದ್ದ ಕೂಡಲೇ ಕೈಕಾಲು ಚಾಚಿ ಹರಡಿಕೊಳ್ಳುತ್ತವೆ. ಆರೋಗ್ಯವಾಗಿದ್ದರೆ ಹತ್ತು ನಿಮಿಷದಲ್ಲಿ ಚಪ್ಪಟೆ ನಕ್ಷತ್ರದ ಹಾಗೆ ಕಾಣುತ್ತವೆ. ಈ ನಕ್ಷತ್ರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಎಣಿಕೆ: ಎಲ್ಲರೂ ಸತ್ತಿದ್ದರು

ಸಾಯುತ್ತಿರುವ ಕೋಶ ಗುರುತಿಸಲು ಒಂದು ಕಿಟ್ ತರಿಸಿದ್ದೆ. ಅದರಲ್ಲಿ ಎನೆಕ್ಸಿನ್-ವಿ ಎಂಬ ಪ್ರೋಟೀನ್‌ಗೆ ಹಸಿರು ಬಣ್ಣ ಕಟ್ಟಿರುತ್ತಾರೆ. ಬದುಕಿರುವ ಕೋಶದ ಪೊರೆಯ ಒಳಮೈಯಲ್ಲಿ ಫಾಸ್ಫಟೈಡಿಲ್ ಸೆರೀನ್ ಎಂಬ ಕೊಬ್ಬು ಅಡಗಿರುತ್ತದೆ. ಕೋಶ ತನ್ನ ಸಾವನ್ನು ತಾನೇ ಶುರು ಮಾಡಿದಾಗ ಅದು ಹೊರಮೈಗೆ ಬರುತ್ತದೆ. ಎನೆಕ್ಸಿನ್ ಅಲ್ಲಿ ಅಂಟಿಕೊಳ್ಳುತ್ತದೆ. ಜೊತೆಗೆ ಪ್ರೊಪಿಡಿಯಂ ಅಯೋಡೈಡ್ ಎಂಬ ಕೆಂಪು ಬಣ್ಣ, ಅದು ಪೊರೆ ಹರಿದ ಕೋಶದೊಳಗೆ ಮಾತ್ರ ನುಗ್ಗುತ್ತದೆ. ಹಸಿರು ಮಾತ್ರ ಇದ್ದರೆ ಸಾವಿನ ಆರಂಭ, ಎರಡೂ ಇದ್ದರೆ ಕಥೆ ಮುಗಿದಿದೆ.

ಹೀಗೆ ಕೋಶ ತನ್ನ ಪಾಡಿಗೆ ಅಚ್ಚುಕಟ್ಟಾಗಿ ಸಾಯುವುದಕ್ಕೆ ಅಪೊಪ್ಟೋಸಿಸ್ ಎಂಬ ಹೆಸರು ಬಂದಿದ್ದು 1972ರಲ್ಲಿ. ಸಿ. ಎಲಿಗನ್ಸ್ ಎಂಬ ಪುಟ್ಟ ದುಂಡುಹುಳುವಿನಲ್ಲಿ ಬೆಳೆಯುವಾಗ ಹುಟ್ಟುವ 1090 ಕೋಶಗಳಲ್ಲಿ 131 ಲೆಕ್ಕ ಇಟ್ಟ ಹಾಗೆ ಸಾಯುತ್ತವೆ. ಅದನ್ನು ಬಿಡಿಸಿದವರಿಗೆ 2002ರ ನೊಬೆಲ್ ಸಿಕ್ಕಿತು. ಒಂದೊಂದು ಕೋಶದ ಲೆಕ್ಕವೂ ಅಲ್ಲಿದೆ. ಬಸವನಹುಳುವಿನಲ್ಲಿ ಅಂಥ ಭಾಗ್ಯ ಇಲ್ಲ, ಸುಮ್ನೆ ಕೂತು ಎಣಿಸಬೇಕು.

ಜೀನ್ ತಗ್ಗಿಸಿದ ಹುಳುಗಳ ಕೋಶ ಎಣಿಸಿದೆ (ತಗ್ಗಿಸಿದ್ದು ಹೇಗೆ ಎಂದು ಮುಂದೆ ಹೇಳುತ್ತೇನೆ). ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಸಿರು. ಖುಷಿಯಿಂದ ಕುಣಿಯುವುದೊಂದು ಬಾಕಿ. 'ಜೀನ್ ತಗ್ಗಿಸಿದ್ದಕ್ಕೆ ಕೋಶಗಳು ಸಾಯುತ್ತಿವೆ' ಎಂದು ನೋಟ್‌ಬುಕ್‌ನಲ್ಲಿ ಬರೆದು ಎರಡು ಗೆರೆ ಎಳೆದಿದ್ದೇನೆ. ಆ ಗೆರೆ ಈಗಲೂ ಇದೆ, ಅಳಿಸಿಲ್ಲ.

ಮಧ್ಯಾಹ್ನ ಏನೂ ಮಾಡದ ಹುಳುಗಳ ಕೋಶ ಎಣಿಸಿದೆ. ಅಲ್ಲೂ ಎಂಬತ್ತರ ಮೇಲೆ.

ರಿಪೇರಿ: ಉಪ್ಪು

ಲ್ಯಾಬ್‌ನ ಹಿರಿಯರೊಬ್ಬರು ಬಂದು ಇಣುಕಿ ನೋಡಿ ಕೇಳಿದ್ದು ಒಂದೇ ಮಾತು: "ಬಫರ್ ಯಾರಿಗೆ ಮಾಡಿದ್ದು?" ಕಿಟ್‌ನ ಕೈಪಿಡಿ ತೆರೆದೆ. ಬಫರ್ ಎಂದರೆ ಕೋಶಗಳನ್ನು ಇಡುವ ಉಪ್ಪುನೀರು. ಸೋಡಿಯಂ ಕ್ಲೋರೈಡ್ 140 ಮಿಲಿಮೋಲಾರ್. ಅದು ನಮ್ಮಂಥ ಸಸ್ತನಿಗಳ ರಕ್ತದ ಉಪ್ಪು. ಸಿಹಿನೀರಿನಲ್ಲಿ ಬದುಕುವ ಬಸವನಹುಳುವಿನ ರಕ್ತ ಅದರ ಅರ್ಧದಷ್ಟೂ ಗಟ್ಟಿ ಇಲ್ಲ. ಆ ಕೋಶವನ್ನು ಈ ಬಫರ್‌ಗೆ ಹಾಕಿದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಕೋಶ ಸುಕ್ಕುಗಟ್ಟುತ್ತದೆ. ಅಪೊಪ್ಟೋಸಿಸ್‌ನ ಮೊದಲ ಗುರುತೂ ಸುಕ್ಕುಗಟ್ಟುವುದೇ. ಸಾವನ್ನು ಅಳೆಯಲು ತಂದ ಬಫರೇ ಕೊಲ್ಲುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ನಂಬುವ ಮೊದಲು ಒಂದು ಪುಟ್ಟ ಪರೀಕ್ಷೆ ಮಾಡಿದೆ. ಏನೂ ಮಾಡದ ಹುಳುಗಳ ರಕ್ತ ಮೂರು ಹನಿ, ಮೂರು ಗಾಜಿನ ಮೇಲೆ. ಒಂದಕ್ಕೆ ಏನೂ ಸೇರಿಸಲಿಲ್ಲ. ಒಂದಕ್ಕೆ ಮೂರು ಪಟ್ಟು ತೆಳು ಮಾಡಿದ ಪಿಬಿಎಸ್, ಅಂದರೆ ಲ್ಯಾಬ್‌ಗಳಲ್ಲಿ ಮಾಮೂಲಿಯಾಗಿ ಬಳಸುವ ಫಾಸ್ಫೇಟ್ ಉಪ್ಪುನೀರು. ಇನ್ನೊಂದಕ್ಕೆ ಮಾಮೂಲಿ ಪಿಬಿಎಸ್. ಅರ್ಧ ಗಂಟೆ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾ ಕೂತೆ. ಮೊದಲ ಎರಡರಲ್ಲಿ ನಕ್ಷತ್ರಗಳು. ಮೂರನೆಯದರಲ್ಲಿ ಚಾಚಿದ ಕೈಗಳೆಲ್ಲ ಒಳಗೆ, ಕೋಶಗಳು ಗುಂಡಗಾಗಿ ಮುದುಡಿದ ಪುಟ್ಟ ಕಾಳುಗಳು. ಕಿಟ್ಟೂ ಬೇಡ, ಬಣ್ಣವೂ ಬೇಡ. ಇದನ್ನು ಮೊದಲ ದಿನವೇ ಮಾಡಿದ್ದರೆ!

ಹುಳುವಿಗೆ ಸರಿಹೊಂದುವ ದ್ರವದ ಪಾಕ 1963ರಿಂದಲೇ ಇದೆ. ಚೆರ್ನಿನ್ ಎಂಬ ವಿಜ್ಞಾನಿ ಇದೇ ಹುಳುವಿನ ಹೃದಯವನ್ನು ಹೊರಗೆ ತೆಗೆದು ಬಡಿಯುವಂತೆ ಇಟ್ಟುಕೊಳ್ಳಲು ಮಾಡಿಕೊಂಡಿದ್ದು. ಆಗ ಹುಳುವಿನ ಹೆಸರು ಆಸ್ಟ್ರಲೋರ್ಬಿಸ್ ಎಂದಿತ್ತು, ಹಳೆಯ ಬರಹ ಹುಡುಕುವವರಿಗೆ ಇದು ನೆನಪಿರಲಿ. ಒಂದು ಲೀಟರ್‌ಗೆ ಸೋಡಿಯಂ ಕ್ಲೋರೈಡ್ 2.8 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.15 ಗ್ರಾಂ, ಸ್ವಲ್ಪ ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಬೈಕಾರ್ಬನೇಟ್, ಜೊತೆಗೆ ಗ್ಲೂಕೋಸ್ ಮತ್ತು ಟ್ರೆಹಲೋಸ್ ಒಂದೊಂದು ಗ್ರಾಂ. ಮಾಮೂಲಿ ಪಿಬಿಎಸ್‌ನಲ್ಲಿ ಸೋಡಿಯಂ ಕ್ಲೋರೈಡ್ ಒಂದೇ 8 ಗ್ರಾಂ ಇರುತ್ತದೆ. ಎಲ್ಲಿ 2.8, ಎಲ್ಲಿ 8!

ಇದರಲ್ಲೂ ಎಡವಿದೆ. ಹತ್ತು ಪಟ್ಟು ಗಟ್ಟಿ ಮಾಡಿಟ್ಟುಕೊಳ್ಳೋಣ ಎಂದು ಎಲ್ಲವನ್ನೂ ಒಂದೇ ಬಾಟಲಿಗೆ ಸುರಿದೆ. ಬಾಟಲಿ ಮಂಜಾಯಿತು. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಗಟ್ಟಿಯಾಗಿ ಸೇರಿದರೆ ಕೆಳಗೆ ಕೂರುತ್ತವೆ. ಈಗ ಕ್ಯಾಲ್ಸಿಯಂಗೆ ಬೇರೆ ಬಾಟಲಿ. ಮಿಕ್ಕಿದ್ದನ್ನೆಲ್ಲ ತೆಳು ಮಾಡಿದ ಮೇಲೆ ಕೊನೆಗೆ, ಕಲಕುತ್ತಾ ಸೇರಿಸುತ್ತೇನೆ.

ಕಿಟ್‌ನ ಬಫರ್ ಬದಲು ನಾನೇ ಮಾಡಿಕೊಂಡೆ. ಅದೇ 10 ಮಿಲಿಮೋಲಾರ್ ಹೆಪೆಸ್ (ಆಮ್ಲತೆ ಏರಿಳಿಯದಂತೆ ಹಿಡಿಯುವ ರಾಸಾಯನಿಕ), ಅದೇ 2.5 ಮಿಲಿಮೋಲಾರ್ ಕ್ಯಾಲ್ಸಿಯಂ, ಸೋಡಿಯಂ ಕ್ಲೋರೈಡ್ ಮಾತ್ರ 45ಕ್ಕೆ ಇಳಿಸಿದೆ. ಎಣಿಸಿದರೆ ಈ ಸಲ ಒಂದೂ ಹಸಿರು ಇಲ್ಲ. ಒಂದೂ ಎಂದರೆ ಒಂದೂ ಇಲ್ಲ. ಅದೂ ಅನುಮಾನವೇ ಅಲ್ವಾ? ಯಾವ ರಕ್ತದಲ್ಲೂ ನಾಲ್ಕಾರು ಮುದಿ ಕೋಶ ಇದ್ದೇ ಇರುತ್ತವೆ.

ತಪ್ಪು ನನ್ನದೇ. ಮುದ್ದೆಯಾಗಬಾರದು ಎಂದು ರಕ್ತ ತೆಗೆಯುವಾಗಲೇ ಇಡಿಟಿಎ ಹಾಕಿದ್ದೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದೆ ಎನೆಕ್ಸಿನ್ ಅಂಟುವುದೇ ಇಲ್ಲ. ಈಗ ಮಂಜುಗಡ್ಡೆಯ ಮೇಲೆ ಇಡಿಟಿಎ ಜೊತೆ ರಕ್ತ ತೆಗೆದು, ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ಚೆಲ್ಲಿ, ಹೊಸ ಬಫರ್‌ಗೆ ಹಾಕಿ ಕೂಡಲೇ ಎಣಿಸುತ್ತೇನೆ. ತಡ ಮಾಡಿದರೆ ಮುದ್ದೆ. ಒಂದು ಸಲಕ್ಕೆ ನಾಲ್ಕು ಮಾದರಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಜೀನ್‌ನ ಬಾಯಿ ಮುಚ್ಚಿಸಿದ್ದು

ಜೋಡಿ ಎಳೆಯ ಆರ್‌ಎನ್‌ಎ ಕೊಟ್ಟರೆ ಅದೇ ಅಕ್ಷರಗಳಿರುವ ಜೀನ್‌ನ ಸಂದೇಶವನ್ನು ಕೋಶ ತಾನೇ ಕತ್ತರಿಸಿ ಹಾಕುತ್ತದೆ. 1998ರಲ್ಲಿ ಸಿ. ಎಲಿಗನ್ಸ್‌ನಲ್ಲಿ ಕಂಡ ಈ ತಂತ್ರಕ್ಕೆ 2006ರಲ್ಲಿ ನೊಬೆಲ್ ಬಂತು. ಬಯೋಂಫಲೇರಿಯಾದಲ್ಲೂ ನಡೆಯುತ್ತದೆ. ಪಿಸಿಆರ್ ಎಂದರೆ ಡಿಎನ್ಎ ತುಣುಕಿನ ನಕಲು ತೆಗೆಯುವ ವಿಧಾನ, ಪ್ರೈಮರ್ ಎಂದರೆ ನಕಲು ಎಲ್ಲಿಂದ ಶುರು ಎಂದು ತೋರಿಸುವ ಪುಟ್ಟ ಡಿಎನ್ಎ ಎಳೆ. ಎರಡೂ ಪ್ರೈಮರ್‌ಗಳ ತುದಿಗೆ ಟಿ7 ಪ್ರಮೋಟರ್ (ಆರ್‌ಎನ್‌ಎ ಬರೆಯಲು ಶುರು ಮಾಡುವ ಗುರುತು) ಸೇರಿಸಿ ಪಿಸಿಆರ್ ಮಾಡಿದೆ. ಅದರಿಂದ ಎರಡು ಎಳೆ ಆರ್‌ಎನ್‌ಎ ಬರೆಸಿ, ಬಿಸಿ ಮಾಡಿ ನಿಧಾನವಾಗಿ ತಣಿಸಿ ಜೋಡಿಸಿದೆ. ಜೆಲ್‌ನಲ್ಲಿ ಒಂದೇ ಗೆರೆ ಬಂತು. ಈ ಭಾಗ ಮಾತ್ರ ಒಂದೇ ಸಲಕ್ಕೆ ಕೈಗೂಡಿತು.

ಹುಳುಗಳು ಮೂರು ಗುಂಪು. ಮುಟ್ಟದವು, ಹಸಿರು ಹೊಳೆಯುವ ಜಿಎಫ್‌ಪಿ ಜೀನ್‌ನ ಆರ್‌ಎನ್‌ಎ ಚುಚ್ಚಿದವು, ಎಂಐಎಫ್‌ನ ಆರ್‌ಎನ್‌ಎ ಚುಚ್ಚಿದವು. ಹುಳುವಿಗೆ ಜಿಎಫ್‌ಪಿ ಜೀನೇ ಇಲ್ಲ. ಆದರೂ ಆ ಗುಂಪು ಬೇಕೇ ಬೇಕು, ಯಾಕೆಂದರೆ ಬರೀ ಸೂಜಿಯ ಗಾಯಕ್ಕೂ ಹೀಮೋಸೈಟ್‌ಗಳು ಎದ್ದು ಕೂರುತ್ತವೆ.

ನಾಲ್ಕನೇ ದಿನ ಕ್ಯೂಪಿಸಿಆರ್, ಅಂದರೆ ಜೀನ್‌ನ ಸಂದೇಶ ಎಷ್ಟಿದೆ ಎಂದು ಅಳೆಯುವ ಪಿಸಿಆರ್. ಎಂಐಎಫ್ ಸಂದೇಶ ತಗ್ಗುವ ಬದಲು ಹತ್ತಾರು ಪಟ್ಟು ಏರಿತ್ತು! ಆರಂಭದಲ್ಲಿ ಹೇಳಿದ ಜೀನ್‌ನ ಒಂದೇ ತಲೆನೋವು ಇದು. ಆಮೇಲೆ ಹೊಳೆಯಿತು. ಅಳೆಯಲು ಬಳಸಿದ ಪ್ರೈಮರ್‌ಗಳು ನಾನು ಚುಚ್ಚಿದ ತುಣುಕಿನ ಒಳಗೇ ಕೂರುತ್ತಿದ್ದವು. ಅಂದರೆ ನಾನು ಚುಚ್ಚಿದ್ದನ್ನೇ ನಾನು ಅಳೆಯುತ್ತಿದ್ದೆ. ಜೀನೋ ಪುಟ್ಟದು, ಪ್ರೋಟೀನ್ ಬರೆಯುವ ಭಾಗ ಸುಮಾರು 350 ಅಕ್ಷರ. ಅದನ್ನೆಲ್ಲ ಚುಚ್ಚುಮದ್ದಿಗೇ ಬಳಸಿಬಿಟ್ಟಿದ್ದೆ. ಕೊನೆಗೆ ಸಂದೇಶದ ಬಾಲದಲ್ಲಿ, ಪ್ರೋಟೀನ್ ಬರೆಯದ ಭಾಗದಲ್ಲಿ ಒಂದು ಪ್ರೈಮರ್ ಕೂರಿಸಿದೆ. ಅದೇ ಮಾದರಿಗಳನ್ನು ಮತ್ತೆ ಓಡಿಸಿದರೆ ಎಂಐಎಫ್ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಎಲ್ಲ ಹುಳುಗಳಲ್ಲೂ ಅಲ್ಲ. ಎರಡು ಮೂರು ಹುಳುಗಳಿಗೆ ಏನೂ ಆಗಿರಲಿಲ್ಲ. ರಕ್ತ ಸಾಲುವುದಿಲ್ಲ ಎಂದು ಐದಾರು ಹುಳುಗಳದ್ದನ್ನು ಒಟ್ಟು ಸೇರಿಸಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ.

ಎರಡು ಕಡೆಯ ಲೆಕ್ಕ

ಇಷ್ಟಾದ ಮೇಲೆ ಎಣಿಸಲು ಚೌಕಗಳಿರುವ ಗಾಜಾದ ನ್ಯೂಬಾವರ್ ಚೇಂಬರ್‌ನಲ್ಲಿ ಒಟ್ಟು ಕೋಶ ಎಣಿಸಿದೆ. ಎಂಐಎಫ್ ತಗ್ಗಿದ ಹುಳುಗಳಲ್ಲಿ ಹೀಮೋಸೈಟ್ ಕಡಿಮೆ. ನೋಡಿದವರೆಲ್ಲ 'ಸತ್ತಿವೆ' ಎಂದೇ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ತೊಟ್ಟಿಯ ನೀರು ತಗ್ಗಿದರೆ ಕೆಳಗೆ ತೂತು ಬಿದ್ದಿರಬಹುದು, ಮೇಲೆ ನಲ್ಲಿ ನಿಂತಿರಲೂಬಹುದು.

ನಲ್ಲಿಯನ್ನು ನೋಡಲು ಇಡಿಯು ಎಂಬ ರಾಸಾಯನಿಕ. ಡಿಎನ್ಎ ನಕಲು ಮಾಡುವ ಕೋಶ ಇದನ್ನು ಡಿಎನ್ಎಯ ಅಕ್ಷರಗಳಲ್ಲೊಂದಾದ ಥೈಮಿಡಿನ್ ಎಂದುಕೊಂಡು ತನ್ನ ಡಿಎನ್ಎಗೆ ಸೇರಿಸಿಕೊಳ್ಳುತ್ತದೆ. ರಕ್ತ ತೆಗೆಯುವ 24 ಗಂಟೆ ಮೊದಲು ಹುಳುವಿಗೆ ಚುಚ್ಚಿದೆ. ಆಮೇಲೆ ಕೋಶಗಳನ್ನು ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಇದ್ದ ಸ್ಥಿತಿಯಲ್ಲೇ ಹಿಡಿದಿಟ್ಟು ಬಣ್ಣ ಕಟ್ಟಿದೆ. ಆ ಬಣ್ಣ ಕಟ್ಟುವ ಕ್ರಿಯೆಗೆ ಬೇಕಾದ್ದು ತಾಮ್ರ! ತೊಟ್ಟಿಯಲ್ಲಿ ಕೊಂದವನೇ ಇಲ್ಲಿ ಸಹಾಯಕ್ಕೆ ಬಂದ.

ತೂತನ್ನು ನೋಡಲು ಎನೆಕ್ಸಿನ್ ಜೊತೆಗೆ ಟನೆಲ್ ವಿಧಾನವನ್ನೂ ಸೇರಿಸಿದೆ. ಸಾಯುವ ಕೋಶ ತನ್ನ ಡಿಎನ್ಎಯನ್ನು ತಾನೇ ತುಂಡು ಮಾಡಿಕೊಳ್ಳುತ್ತದೆ, ಟನೆಲ್ ಆ ತುಂಡುಗಳ ತುದಿಗೆ ಬಣ್ಣ ಹಚ್ಚುತ್ತದೆ. ಒಂದು ಗಾಜಿಗೆ ಬೇಕೆಂದೇ ಡಿಎನ್ಎ ಕತ್ತರಿಸುವ ಡಿಎನ್ಏಸ್ ಹಾಕಿ ಎಲ್ಲವೂ ಹೊಳೆಯುವಂತೆ ಮಾಡಬೇಕು, ಇನ್ನೊಂದಕ್ಕೆ ಬಣ್ಣ ಹಚ್ಚುವ ಕಿಣ್ವವನ್ನೇ ಹಾಕಬಾರದು. ಈ ಎರಡು ಗಾಜು ಸರಿ ಬಂದರೆ ಮಾತ್ರ ಉಳಿದದ್ದನ್ನು ಎಣಿಸುತ್ತೇನೆ. ಇನ್ನೊಂದು ಸೂಕ್ಷ್ಮ ಇದೆ. ಸಾಯುತ್ತಿರುವ ಕೋಶ ಗಾಜಿನ ಹಿಡಿತ ಬಿಡುತ್ತದೆ. ತೊಳೆದಾಗ ಮೊದಲು ಹೋಗುವುದು ಅದೇ. ತೊಳೆದ ನೀರನ್ನು ಚೆಲ್ಲದೆ ಅದರಲ್ಲಿರುವ ಕೋಶಗಳನ್ನೂ ಎಣಿಸಬೇಕು. ಇಲ್ಲದಿದ್ದರೆ ಸತ್ತವರನ್ನೆಲ್ಲ ಸಿಂಕ್‌ಗೆ ಕಳಿಸಿ 'ಯಾರೂ ಸತ್ತಿಲ್ಲ' ಎಂದು ಬರೆದುಕೊಳ್ಳುತ್ತೇವೆ.

ಎರಡು ಸುತ್ತು ಎಣಿಸಿದೆ. ಇಡಿಯು ಹೊಳೆಯುವ ಕೋಶಗಳು ಎಂಐಎಫ್ ಗುಂಪಿನಲ್ಲಿ ಸ್ಪಷ್ಟವಾಗಿ ಕಡಿಮೆ, ಜಿಎಫ್‌ಪಿ ಗುಂಪಿನ ಅರ್ಧದ ಆಸುಪಾಸು. ಸಾಯುವ ಕೋಶಗಳಲ್ಲಿ ವ್ಯತ್ಯಾಸ ಇಲ್ಲ ಎನ್ನುವಷ್ಟೇ. ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ನನ್ನ ಹುಳುಗಳಲ್ಲಿ ಆಗಿದ್ದು ನಲ್ಲಿ ಕಟ್ಟಿದ್ದು, ತೂತು ಬಿದ್ದಿದ್ದಲ್ಲ. ಹುಳುಗಳ ಸಂಖ್ಯೆ ಕಡಿಮೆ, ಆದ್ದರಿಂದ ಈ ಮಾತನ್ನು ಪೆನ್ಸಿಲ್‌ನಲ್ಲೇ ಬರೆದಿದ್ದೇನೆ. ಎರಡು ಗೆರೆ ಎಳೆಯುವ ಚಟ ಬಿಟ್ಟಿದೆ.

ಯೋಚಿಸಿದರೆ ಇದರಲ್ಲಿ ಅರ್ಥವಿದೆ. ಎಂಐಎಫ್ ಹಿಡಿದು ನಿಲ್ಲಿಸುವುದು ಪಿ53 ಎಂಬ ಕಾವಲುಗಾರನನ್ನು. ಪೆಟ್ಟೇ ಬೀಳದ ಕೋಶದಲ್ಲಿ ಕಾವಲುಗಾರ ಹೇಗೂ ನಿದ್ದೆಯಲ್ಲಿರುತ್ತಾನೆ. ಮಲಗಿದವನನ್ನು ಹಿಡಿದುಕೊಂಡರೇನು, ಬಿಟ್ಟರೇನು? ವ್ಯತ್ಯಾಸ ಕಾಣಬೇಕಾದರೆ ಮೊದಲು ಅವನನ್ನು ಎಬ್ಬಿಸಬೇಕು.

ಈಗ ಬೆಂಚಿನ ಮೇಲೆ

ಎಬ್ಬಿಸಲು ನೈಟ್ರಿಕ್ ಆಕ್ಸೈಡ್ ಬಿಡುವ ಎಸ್‌ಎನ್‌ಎಪಿ ಎಂಬ ರಾಸಾಯನಿಕ ತಂದಿದ್ದೇನೆ. ಬೆಳಕು ತಾಗಿದರೆ ಹಾಳಾಗುತ್ತದೆ, ಆದ್ದರಿಂದ ಕೋಣೆಯ ದೀಪ ಆರಿಸಿ, ಟ್ಯೂಬ್‌ಗೆ ಫಾಯಿಲ್ ಸುತ್ತಿ ಕೆಲಸ. ಅದನ್ನು ಕರಗಿಸಿದ್ದು ಚೆರ್ನಿನ್ ದ್ರವದಲ್ಲಿ. ಮೂರೂ ಗುಂಪಿನ ಹೀಮೋಸೈಟ್‌ಗಳು ಇವತ್ತು ಬೆಳಿಗ್ಗೆ ತಟ್ಟೆಗೆ ಇಳಿದಿವೆ. ಅರ್ಧಕ್ಕೆ ಎಸ್‌ಎನ್‌ಎಪಿ, ಇನ್ನರ್ಧಕ್ಕೆ ಬರೀ ದ್ರವ. ಹಾಕುವ ಮೊದಲು ತಟ್ಟೆಯ ಎಲ್ಲ ಗುಳಿಗಳನ್ನೂ ಒಂದು ಸಲ ಇಣುಕಿ ನೋಡಿದೆ. ಎಲ್ಲದರಲ್ಲೂ ನಕ್ಷತ್ರಗಳಿದ್ದವು.

ಲೇಬಲ್‌ಗಳನ್ನು ಬಫರ್ ಬಗ್ಗೆ ಕೇಳಿದ ಆ ಹಿರಿಯರೇ ಬರೆದು, ಪಟ್ಟಿಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ. ಯಾವ ತಟ್ಟೆ ಯಾವ ಗುಂಪಿನದು ಎಂದು ನನಗೆ ಗೊತ್ತಿಲ್ಲ. ಸಂಜೆ ಆರಕ್ಕೆ ಎಣಿಕೆ ಶುರು.